ಮಳೆಯ ದಿನ, ಅಮ್ಮನ ಜೊತೆ ಮೈಸೂರು: ಮೊದಲು ನೆಲ ನೋಡಿ, ಆಮೇಲೆ ಊರು

ಪ್ರಶ್ನೆ: ಜುಲೈ ಕೊನೆಯ ವಾರ ಅಣ್ಣನ ಮಗನನ್ನು ಕಾಲೇಜಿಗೆ ಸೇರಿಸಲು ಧಾರವಾಡದಿಂದ ಮೈಸೂರಿಗೆ ಬರುತ್ತಿದ್ದೇವೆ. ಅಮ್ಮನೂ ಜೊತೆಗಿರುತ್ತಾರೆ. ಅವರಿಗೆ ಎಪ್ಪತ್ತೊಂದು ವರ್ಷ, ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಚಿಕ್ಕವರಿದ್ದಾಗ ಶಾಲೆಯ ಪ್ರವಾಸದಲ್ಲಿ ನೋಡಿದ್ದ ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಬೃಂದಾವನ ಎಲ್ಲವನ್ನೂ ಇನ್ನೊಮ್ಮೆ ನೋಡಬೇಕು ಎನ್ನುತ್ತಾರೆ. ನಮಗೆ ಬಿಡುವಿರುವುದು ಒಂದೇ ದಿನ, ಶನಿವಾರ ಅಥವಾ ಭಾನುವಾರ. ರಾತ್ರಿ ರೈಲಿಗೆ ವಾಪಸು. ಮಳೆಯಂತೂ ಇದ್ದೇ ಇರುತ್ತದೆ. ಈ ಒಂದು ದಿನವನ್ನು ಹೇಗೆ ಹೊಂದಿಸಬೇಕು?

ಉತ್ತರ: ಮೊದಲು ಪಟ್ಟಿಯನ್ನು ಅರ್ಧಕ್ಕೆ ಇಳಿಸೋಣ. ಮೃಗಾಲಯವನ್ನೂ ಬೃಂದಾವನವನ್ನೂ ಬಿಡಿ. ಅಮ್ಮ ಬೇಸರ ಮಾಡಿಕೊಂಡರೂ ಬಿಡಿ. ಎರಡೂ ಬಯಲಿನಲ್ಲಿ ನಡೆದೇ ನೋಡಬೇಕಾದ ಜಾಗಗಳು. 1892ರಲ್ಲಿ ಆರಂಭವಾದ ಮೃಗಾಲಯ ಚೆನ್ನಾಗಿಯೇ ಇದೆ, ನಡೆಯಲಾಗದವರಿಗೆ ಬ್ಯಾಟರಿ ವಾಹನವೂ ಇದೆ. ಆದರೆ ಮಳೆ ಹಿಡಿದ ದಿನ ಪ್ರಾಣಿಗಳು ಮೂಲೆ ಸೇರಿರುತ್ತವೆ, ನೀವು ನೋಡುವುದು ಒದ್ದೆ ಮರಗಳನ್ನು. ಬೃಂದಾವನ ಊರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ. ಅದು ಹಂತಹಂತವಾಗಿ ಕೆಳಗಿಳಿಯುವ ತೋಟ, ಎಂದರೆ ಮೆಟ್ಟಿಲುಗಳ ತೋಟ. ಸಂಜೆಯ ಕಾರಂಜಿ ನೋಡಿ ಕತ್ತಲಲ್ಲಿ, ಜನಜಂಗುಳಿಯಲ್ಲಿ, ಜಾರುವ ಕಲ್ಲಿನ ಮೇಲೆ ಅಮ್ಮನನ್ನು ವಾಪಸು ಕರೆತಂದು, ಆಮೇಲೆ ರೈಲು ಹಿಡಿಯುವ ಸಾಹಸ ಬೇಡ. ಜುಲೈ ಕೊನೆಗೆ ಅಲ್ಲಿಯ ಕನ್ನಂಬಾಡಿ ಅಣೆಕಟ್ಟೆ ತುಂಬಿದ ಸುದ್ದಿ ಬಂದರೆ ಆ ರಸ್ತೆಯಲ್ಲಿ ಊರೆಲ್ಲ ಇರುತ್ತದೆ. ಗೇಟು ತೆರೆದಿರುವಾಗ ಶ್ರೀರಂಗಪಟ್ಟಣದ ಕಡೆ ನದಿಯ ದಡಕ್ಕೆ ಇಳಿಯುವ ಯೋಚನೆಯನ್ನಂತೂ ಮಾಡಬೇಡಿ.

ಊರಿಗೆ ಬಂದವರಿಗೆ ಮೈಸೂರು ತೋರಿಸುವುದು ನನ್ನ ಕಸುಬು. ಮಳೆಗಾಲದಲ್ಲಿ ಹಿರಿಯರನ್ನು ಕರೆತರುವವರು ಫೋನ್ ಮಾಡಿ ಕೇಳುವುದು ಒಂದೇ ಮಾತು: ಮಳೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಅದು ವರುಣನಿಗೇ ಗೊತ್ತು. ನಿಮಗೆ ಉತ್ತರ ಸಿಗುವ ಪ್ರಶ್ನೆಗಳು ಬೇರೆ ಇವೆ. ಕಾರು ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಬಾಗಿಲಿಗೆ ಎಷ್ಟು ನಡಿಗೆ, ಚಪ್ಪಲಿ ಎಲ್ಲಿ ಬಿಡಬೇಕು, ಒಳಗೆ ಕೂರಲು ಜಾಗವಿದೆಯೇ, ಶೌಚಾಲಯದಲ್ಲಿ ಕಮೋಡ್ ಇದೆಯೇ. ಇಷ್ಟನ್ನು ಮುಂಚಿತವಾಗಿ ತಿಳಿದುಕೊಂಡರೆ ಮಳೆ ಬಂದರೂ ದಿನ ಕೆಡುವುದಿಲ್ಲ. ತಿಳಿದುಕೊಳ್ಳದಿದ್ದರೆ ಬಿಸಿಲಿದ್ದರೂ ಕೆಡುತ್ತದೆ.

ಇನ್ನು ಮಳೆಯ ವಿಷಯ. ಧಾರವಾಡದವರಿಗೆ ಜಿಟಿಜಿಟಿ ಮಳೆಯ ಪಾಠ ಬೇಕಿಲ್ಲ. ಮೈಸೂರಿನಲ್ಲಿ ಜುಲೈ ತಿಂಗಳು ನಿಮ್ಮಲ್ಲಿಗಿಂತ ಹಗುರ. ಘಟ್ಟದ ಈಚೆಗಿರುವ ಊರು ಇದು. ಗುಡುಗು ಸಿಡಿಲಿನ ದೊಡ್ಡ ಮಳೆ ಇಲ್ಲಿ ಹೆಚ್ಚಾಗಿ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುತ್ತದೆ. ಪುಷ್ಯ ಮಳೆಯ ದಿನಗಳಲ್ಲಿ ಮೋಡ ಮುಚ್ಚಿಕೊಂಡಿರುತ್ತದೆ, ಸೋನೆ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಷ್ಟ ಕೊಡುವುದು ಪಡುವಣ ಗಾಳಿ. ಮೂರು ಮಡಿಕೆಯ ಪುಟ್ಟ ಕೊಡೆ ಈ ಗಾಳಿಗೆ ತಿರುವುಮುರುವಾಗುತ್ತದೆ. ಉದ್ದ ಹಿಡಿಕೆಯ ಹಳೆಯ ಕಾಲದ ಕೊಡೆ ಎರಡು ತನ್ನಿ, ಒಂದರಲ್ಲಿ ಇಬ್ಬರು ನಡೆಯಬೇಡಿ. ಇಬ್ಬರ ಹೆಗಲೂ ನೆನೆಯುತ್ತದೆ, ಅಮ್ಮನ ಹೆಜ್ಜೆಯೂ ತಪ್ಪುತ್ತದೆ. ಆದರೆ ಆ ಕೊಡೆಯನ್ನೇ ಊರುಗೋಲು ಮಾಡಿಕೊಳ್ಳಲು ಬಿಡಬೇಡಿ. ಅದರ ಲೋಹದ ತುದಿ ಒದ್ದೆ ಕಲ್ಲಿನ ಮೇಲೆ ಸರ್ರನೆ ಜಾರುತ್ತದೆ. ಕೋಲು ಬೇಕಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ, ರಬ್ಬರ್ ತುದಿಯ ಕೋಲೇ ಆಗಬೇಕು.

ಶನಿವಾರವೋ ಭಾನುವಾರವೋ? ನನ್ನ ಮತ ಶನಿವಾರಕ್ಕೆ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪಾಲಂಕಾರ ಇರುತ್ತದೆ, ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಮಳೆ ನಿಂತ ಸಂಜೆಯಾದರೆ ನೆಲದ ನೀರಿನಲ್ಲಿಯೂ ಇನ್ನೊಂದು ಅರಮನೆ ಕಾಣುತ್ತದೆ. ಅದನ್ನು ಕಳೆದುಕೊಳ್ಳುವುದು ನಷ್ಟವೇ. ಆದರೆ ಭಾನುವಾರ ಹಗಲು ಅರಮನೆಯೊಳಗೆ ಜನ ಒಬ್ಬರ ಹಿಂದೊಬ್ಬರು ತಳ್ಳಿಕೊಂಡು ಹೋಗುತ್ತಾರೆ. ನಿಂತು ನೋಡಬೇಕೆನ್ನುವ ಹಿರಿಯರಿಗೆ ನಿಲ್ಲಲು ಬಿಡುವುದಿಲ್ಲ. ರೇಷ್ಮೆ ಕಾರ್ಖಾನೆಗೂ ಭಾನುವಾರ ರಜೆ. ಆ ಕಾರ್ಖಾನೆ ನಿಮ್ಮ ಪಟ್ಟಿಯಲ್ಲಿ ಇಲ್ಲ, ನಾನು ಸೇರಿಸುತ್ತಿದ್ದೇನೆ. ಕಾರಣ ಮುಂದೆ ಹೇಳುತ್ತೇನೆ.

ಬೆಟ್ಟದ ಮಾತು. ಎಪ್ಪತ್ತು ದಾಟಿದ ತಾಯಿ ಚಾಮುಂಡಿಯ ದರ್ಶನ ಬೇಕು ಎಂದರೆ ಬೇಡ ಎನ್ನುವ ಧೈರ್ಯ ನನಗಿಲ್ಲ, ನಿಮಗೂ ಇರಲಾರದು. ಆದರೆ ಹೊರಡುವ ಮುಂಚೆ ಪಂಚಾಂಗ ತೆರೆದು ನೋಡಿ. ಆಷಾಢ ಇನ್ನೂ ಮುಗಿದಿಲ್ಲವಾದರೆ ಶುಕ್ರವಾರಗಳಂದು ಬೆಟ್ಟಕ್ಕೆ ಜನಸಾಗರ. ಅಂದು ಖಾಸಗಿ ವಾಹನಗಳನ್ನು ಮೇಲೆ ಬಿಡದೆ, ಲಲಿತಮಹಲ್ ಬಳಿಯ ಮೈದಾನದಿಂದ ಬಸ್ಸಿನಲ್ಲಿ ಕಳಿಸುವುದು ವಾಡಿಕೆ. ಆಷಾಢ ಕೃಷ್ಣ ಸಪ್ತಮಿಯಂದು ಅಮ್ಮನವರ ವರ್ಧಂತಿ, ಅಂದೂ ಅಷ್ಟೇ. ನಿಮ್ಮ ಶನಿವಾರ ವರ್ಧಂತಿಯ ದಿನವಲ್ಲದಿದ್ದರೆ ಬೆಳಿಗ್ಗೆ ಬೇಗನೆ, ತಿಂಡಿಗೂ ಮುಂಚೆ, ಕಾರಿನಲ್ಲಿ ಹೋಗಿ ವಿಶೇಷ ದರ್ಶನದ ಟಿಕೆಟ್ ಪಡೆದು ಬೇಗ ಮುಗಿಸಿಕೊಳ್ಳಿ. ಹೊತ್ತೇರಿದ ಮೇಲೆ ಬರಿಗಾಲಿನಲ್ಲಿ ಒದ್ದೆ ಕಲ್ಲುಹಾಸಿನ ಮೇಲೆ ಸಾಲು ನಿಲ್ಲುವುದು ಮೊಣಕಾಲು ನೋವಿನವರಿಗೆ ಶಿಕ್ಷೆ. ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಜುಲೈನಲ್ಲಿ ಎಷ್ಟೋ ಬೆಳಗು ಗೋಪುರವೇ ಮಂಜಿನೊಳಗೆ ಸೇರಿಹೋಗಿರುತ್ತದೆ. ಕೆಳಗಿನ ಊರಿನ ನೋಟ ಸಿಗಲಿಲ್ಲವೆಂದು ಕೊರಗಬೇಡಿ. ಇಳಿಯುವಾಗ ನಂದಿಯ ಬಳಿ ನಿಲ್ಲಿಸಿ. ದೊಡ್ಡ ದೇವರಾಜ ಒಡೆಯರ ಕಾಲದ ಒಂದೇ ಕಲ್ಲಿನ ನಂದಿ, ಹದಿನಾರು ಅಡಿಯಷ್ಟು ಎತ್ತರ. ಮಳೆಯಲ್ಲಿ ತೊಯ್ದ ಆ ಕರಿಕಲ್ಲಿನ ಮೇಲೆ ಕೊರಳಿನ ಗಂಟೆಸರಗಳ ಕೆತ್ತನೆ ಬಿಸಿಲಿಗಿಂತ ಚೆನ್ನಾಗಿ ಎದ್ದು ಕಾಣುತ್ತದೆ. ಇದನ್ನು ನಾನು ಬೇಸಿಗೆಯ ಪ್ರವಾಸಿಗರಿಗೆ ಹೇಳಿ ಹೊಟ್ಟೆ ಉರಿಸುವುದುಂಟು.

ಅರಮನೆ ಹತ್ತು ಗಂಟೆಗೆ ತೆರೆಯುತ್ತದೆ. ಆ ಹೊತ್ತಿಗೇ ಅಲ್ಲಿರಿ. ಪ್ರವಾಸಿಗರ ಪ್ರವೇಶ ದಕ್ಷಿಣದ ವರಾಹ ದ್ವಾರದ ಕಡೆಯಿಂದ. ಕಾರು ಅಲ್ಲಿಗೇ ನಿಲ್ಲುತ್ತದೆ, ಅಲ್ಲಿಂದ ಕಟ್ಟಡದವರೆಗೆ ಬಯಲಿನಲ್ಲಿ ನಡೆಯಬೇಕು. ಅಮ್ಮನನ್ನು ದ್ವಾರದ ಬಳಿಯೇ ಇಳಿಸಿ, ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಕೇಳಿ. ಅಮ್ಮ ‘ನನಗೇನಾಗಿದೆ, ನಡೆಯುತ್ತೇನೆ’ ಎನ್ನುತ್ತಾರೆ. ಎಲ್ಲ ಅಮ್ಮಂದಿರೂ ಹಾಗೆಯೇ ಹೇಳುವುದು. ಕುರ್ಚಿ ಜೊತೆಗಿರಲಿ ಸಾಕು, ಒಳಗೆ ಹೋಗುವ ಹೊತ್ತಿಗೆ ತಾವಾಗಿಯೇ ಕೂರುತ್ತಾರೆ.

ಈಗ ಈ ಉತ್ತರದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡಿರುವ ಮಾತು. ಅರಮನೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಹೊರಗಿನ ಒದ್ದೆ ನೆಲದ ಮೇಲೆ ನಾಲ್ಕು ಹೆಜ್ಜೆ ಬರಿಗಾಲಿನಲ್ಲಿ ನಡೆದು, ಆ ಒದ್ದೆ ಅಂಗಾಲಿನಲ್ಲೇ ಒಳಗಿನ ನುಣುಪು ನೆಲಕ್ಕೆ ಕಾಲಿಟ್ಟರೆ ಮೊದಲ ಹತ್ತು ಹೆಜ್ಜೆಯೊಳಗೇ ಜಾರುತ್ತಾರೆ. ಮಳೆಗಾಲದಲ್ಲಿ ನಾನು ಕಂಡಿರುವ ಬೀಳುವಿಕೆಗಳಲ್ಲಿ ಹೆಚ್ಚಿನವು ಹೊಸ್ತಿಲು ದಾಟಿ ಒಳಗೆ ಬಂದ ಮೇಲೇ. ಒಂದು ಪುಟ್ಟ ಟವೆಲ್ ಕೈಚೀಲದಲ್ಲಿಡಿ. ಬಾಗಿಲಲ್ಲಿ ನಿಲ್ಲಿಸಿ, ಅಮ್ಮನ ಎರಡೂ ಅಂಗಾಲು, ಬೆರಳಸಂದಿ ಸಮೇತ ಒರೆಸಿ, ಆಮೇಲೆ ಒಳಗೆ ಬಿಡಿ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೆ ಗೊಣಗಲಿ. ಚಳಿಯೆಂದು ಕಾಲುಚೀಲ ಹಾಕಿಸುವವರಿದ್ದಾರೆ. ನುಣುಪು ನೆಲದ ಮೇಲೆ ಹತ್ತಿಯ ಕಾಲುಚೀಲ ಒದ್ದೆ ಅಂಗಾಲಿಗಿಂತ ಕೆಟ್ಟದ್ದು. ಚಪ್ಪಲಿ ಹಿಂಬದಿ ಪಟ್ಟಿಯದ್ದು, ಅಡಿ ರಬ್ಬರಿನದ್ದು, ಬಗ್ಗದೆ ಹಾಕಿ ತೆಗೆಯುವಂಥದ್ದು ಇರಲಿ. ಸೀರೆಯ ಅಂಚು ನೆನೆದರೆ ಭಾರವಾಗಿ ಕಾಲಿಗೆ ತೊಡರುತ್ತದೆ. ಆ ದಿನದ ಮಟ್ಟಿಗೆ ಇಳಕಲ್ ಸೀರೆ ಪೆಟ್ಟಿಗೆಯಲ್ಲಿರಲಿ, ಬೇಗ ಒಣಗುವ ಹಗುರ ಸೀರೆಯನ್ನು ಒಂದು ಗೇಣು ಮೇಲಕ್ಕೆ ಉಡಲಿ.

ಒಳಗೆ ಏನು ನೋಡಬೇಕು? ಎಲ್ಲವನ್ನೂ ಅಲ್ಲ. ನೆಲಮಟ್ಟದಲ್ಲಿರುವ ಕಲ್ಯಾಣ ಮಂಟಪವೊಂದನ್ನೇ ಅರ್ಧ ಗಂಟೆ ನೋಡಿದರೂ ಟಿಕೆಟ್ಟಿನ ದುಡ್ಡು ಸಂದಿತು. ಹಳೆಯ ಮರದ ಅರಮನೆ 1897ರಲ್ಲಿ, ರಾಜಮನೆತನದ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಈಗಿನದು 1912ರಲ್ಲಿ ಪೂರ್ಣಗೊಂಡಿತು, ಖರ್ಚು 41 ಲಕ್ಷ ರೂಪಾಯಿ ಮೀರಿತು. ಬೆಂಕಿಯ ಪಾಠ ಎಷ್ಟು ನಾಟಿತ್ತೆಂದರೆ ಈ ಎಂಟು ಮೂಲೆಯ ಮಂಟಪದ ಕಂಬಗಳೇ ಎರಕದ ಕಬ್ಬಿಣದವು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕಹೊಯ್ದು ತಂದವು. ತಲೆಯ ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಮೋಡದ ದಿನ ಆ ಗಾಜು ಮಂಕಾಗಿರುತ್ತದೆ, ನಿಜ. ಆದರೆ ಮೋಡ ಸರಿದ ಎರಡು ನಿಮಿಷಕ್ಕೆ ಇಡೀ ಚಾವಣಿ ಒಮ್ಮೆಗೇ ಹೊತ್ತಿಕೊಂಡಂತಾಗುತ್ತದೆ. ಬೇಸಿಗೆಯ ಒಂದೇ ಸಮನೆಯ ಬೆಳಕಿನಲ್ಲಿ ಈ ಏರಿಳಿತ ಇಲ್ಲ. ಸುತ್ತಲಿನ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ದೊಡ್ಡ ವರ್ಣಚಿತ್ರಗಳಿವೆ. ಫೋಟೋಗಳನ್ನು ಇಟ್ಟುಕೊಂಡು ಬರೆದವು, ಹಾಗಾಗಿ ಆನೆಯ ಮುಂದೆ ನಡೆಯುವವರ ಮುಖಗಳೂ ಒಂದರಂತೆ ಇನ್ನೊಂದಿಲ್ಲ. ಅಂಬಾರಿಯಲ್ಲಿ ಯಾರು ಕೂತಿದ್ದಾರೆ ಎಂದು ಅಮ್ಮನನ್ನು ಕೇಳಿ. ನಮ್ಮ ಕಾಲದವರು ಅಂಬಾರಿಯಲ್ಲಿ ಕಂಡಿರುವುದು ಚಾಮುಂಡೇಶ್ವರಿಯ ವಿಗ್ರಹವನ್ನು. ಅವರ ಶಾಲೆಯ ದಿನಗಳಲ್ಲಿ ಅಲ್ಲಿ ಕೂರುತ್ತಿದ್ದದ್ದು ಜಯಚಾಮರಾಜ ಒಡೆಯರ್, ಚಿತ್ರದಲ್ಲಿರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಇಂಥ ಕಡೆ ಮಾತನಾಡಬೇಕಾದವರು ಅವರು. ನನ್ನಂಥ ಮಾರ್ಗದರ್ಶಿ ಬಾಯಿ ಮುಚ್ಚಿಕೊಂಡಿರುವುದು ವಾಸಿ.

ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿಯೂ ಮೆಟ್ಟಿಲು ಹತ್ತದೆ ಕಾಣಸಿಗುತ್ತದೆ. ಮೇಲಿನ ದರ್ಬಾರ್ ಹಾಲ್ ಮತ್ತು ಅಂಬಾವಿಲಾಸಕ್ಕೆ ಮೆಟ್ಟಿಲೇ ದಾರಿ ಎಂದುಕೊಂಡು ಹೊರಡಿ. ಒಂದೊಂದೇ ಮೆಟ್ಟಿಲು, ಗೋಡೆಯ ಪಕ್ಕ, ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ಆಗುವುದಿಲ್ಲವೆಂದರೆ ಬಿಡಿ. ಆದರೆ ಹತ್ತಲು ಸಾಧ್ಯವಾದರೆ ದರ್ಬಾರ್ ಹಾಲ್ ಮಳೆಯ ದಿನಕ್ಕೆಂದೇ ಕಟ್ಟಿದಂತಿದೆ. ಪೂರ್ವಕ್ಕೆ ಗೋಡೆಯಿಲ್ಲ, ಕಂಬಗಳ ಸಾಲಿನಾಚೆ ಅರಮನೆಯ ಮೈದಾನ. ಗಾಳಿ ಪಡುವಣದ್ದಾದ್ದರಿಂದ ಎರಚಲು ಹೆಚ್ಚಾಗಿ ಒಳಗೆ ಬರುವುದಿಲ್ಲ. ಅಲ್ಲಿ ನಿಂತು ಮಳೆ ನೋಡುವುದಕ್ಕೆ ಬೇರೆ ಟಿಕೆಟ್ ಇಲ್ಲ.

ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆ ಕೋಣೆಗೆ ಹೋಗಿ ಮಲಗಿ. ಇದು ಸಲಹೆಯಲ್ಲ, ಷರತ್ತು. ಹಾಸ್ಟೆಲಿನ ಕೆಲಸ ಮುಗಿಯಿತೆಂದು ಬೆಳಿಗ್ಗೆಯೇ ಲಾಡ್ಜ್ ಖಾಲಿ ಮಾಡುವ ಉಳಿತಾಯ ಬೇಡ. ಅರ್ಧ ದಿನದ ಬಾಡಿಗೆ ಹೆಚ್ಚು ಕೊಟ್ಟು ಕೋಣೆ ಇಟ್ಟುಕೊಳ್ಳಿ. ಹಿರಿಯರು ಪ್ರವಾಸದಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಶೌಚಾಲಯ ಹುಡುಕುವ ಸಂಕೋಚಕ್ಕೆ. ಮಳೆಯ ದಿನವಾದರೆ ಬಾಯಾರಿಕೆಯೂ ಗೊತ್ತಾಗುವುದಿಲ್ಲ. ಸಂಜೆ ತಲೆಸುತ್ತು, ಸೆಟೆತ ಎಂದಾಗ ಮಕ್ಕಳು ನಡೆದದ್ದು ಹೆಚ್ಚಾಯಿತೆಂದುಕೊಳ್ಳುತ್ತಾರೆ. ಎಷ್ಟೋ ಸಲ ನೀರು ಕಡಿಮೆಯಾಗಿರುತ್ತದೆ. ಹತ್ತಿರದಲ್ಲೊಂದು ಕೋಣೆ, ಅದರಲ್ಲೊಂದು ಕಮೋಡ್ ಇದೆ ಎಂದು ಗೊತ್ತಿದ್ದರೆ ಅವರು ಧೈರ್ಯವಾಗಿ ಕುಡಿಯುತ್ತಾರೆ. ಊಟಕ್ಕೂ ಹೆಸರುವಾಸಿ ದೋಸೆ ಹೋಟೆಲುಗಳ ಬಾಗಿಲಲ್ಲಿ ಕೊಡೆ ಹಿಡಿದು ಕಾಯಬೇಡಿ. ಬೆನ್ನು ಒರಗಿಸಿ ಕೂರುವಂಥ ಕುರ್ಚಿ ಇರುವ ಹೋಟೆಲು ನೋಡಿ. ನಮ್ಮ ಸಾರು ಸಾಂಬಾರಿನ ಬೆಲ್ಲಕ್ಕೆ ಧಾರವಾಡದ ನಾಲಿಗೆ ಮುಖ ಸಿಂಡರಿಸಬಹುದು. ಅಮ್ಮನ ಚೀಲದಲ್ಲಿ ಶೇಂಗಾ ಚಟ್ನಿಪುಡಿ ಹೇಗೂ ಇರುತ್ತದಲ್ಲ.

ಎದ್ದ ಮೇಲೆ ರೇಷ್ಮೆ. ಮಾನಂದವಾಡಿ ರಸ್ತೆಯಲ್ಲಿರುವ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಆರಂಭವಾದದ್ದು. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಶನಿವಾರ ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆ ಎಂದು ಹಿಂದಿನ ದಿನ ಫೋನ್ ಮಾಡಿಕೊಳ್ಳಿ. ಬೆಳಿಗ್ಗೆ ಮಾತ್ರ ಎಂದರೆ ಬೆಟ್ಟವನ್ನು ಕೈಬಿಡಬೇಕೋ ಇದನ್ನೋ ಎಂದು ಅಮ್ಮನೇ ತೀರ್ಮಾನಿಸಲಿ. ಇದನ್ನು ಸೇರಿಸಿದ್ದಕ್ಕೆ ಕಾರಣ, ಪೂರ್ತಿ ಸೂರಿನಡಿ ಇದೆ ಎಂಬುದಷ್ಟೇ ಅಲ್ಲ. ಅರಮನೆಯಲ್ಲಿ ಅಮ್ಮ ನೋಡುವವರು ಮಾತ್ರ. ಇಲ್ಲಿ ಅವರು ಬಲ್ಲವರು. ಜೀವನವಿಡೀ ಸೀರೆ ಉಟ್ಟವರಿಗೆ ಸೀರೆಯ ಹುಟ್ಟು ತೋರಿಸಿ ನೋಡಿ, ನೀವು ಕೇಳಿರದ ಪ್ರಶ್ನೆಗಳು ಅವರ ಬಾಯಿಂದ ಬರುತ್ತವೆ.

ಒಳಗೆ ಮಗ್ಗಗಳ ಸದ್ದು ವಿಪರೀತ, ಮಾತು ಕೇಳಿಸುವುದಿಲ್ಲ, ಶ್ರವಣ ಸಾಧನ ಹಾಕಿಕೊಂಡವರಾದರೆ ತೆಗೆದಿಡಲಿ. ಫೋಟೋ ತೆಗೆಯಲು ಬಿಡುವುದಿಲ್ಲ. ಮಗ್ಗದಿಂದ ಇಳಿದ ಸೀರೆಯನ್ನು ಮುಟ್ಟಲು ಅವಕಾಶ ಸಿಕ್ಕರೆ ಅಮ್ಮನ ಕೈಗೆ ಕೊಡಿ. ಮೈಸೂರು ರೇಷ್ಮೆಯ ಮೃದುತ್ವ ಅದರಲ್ಲಿ ಇರುವುದೇ ಇಲ್ಲ. ಮಂಕು ಬಣ್ಣ, ಕಾಗದದಂಥ ಬಿರುಸು. ಹುಳು ಎಳೆಗೆ ಹಚ್ಚಿದ ಅಂಟು ಇನ್ನೂ ಹೋಗಿರುವುದಿಲ್ಲ. ಸಾಬೂನಿನ ನೀರಿನಲ್ಲಿ ಕುದಿಸಿದಾಗ ಆ ಅಂಟು ಕರಗಿ ಬಟ್ಟೆಯ ತೂಕದ ಹೆಚ್ಚುಕಡಿಮೆ ಕಾಲುಭಾಗವೇ ಹೊರಟುಹೋಗುತ್ತದೆ. ಹೊಕ್ಕಿನ ಎಳೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಗಿಯಾಗಿ ಹುರಿ ಮಾಡಿರುತ್ತಾರೆ. ಅಂಟು ಹೋದ ಮೇಲೆ ಆ ಹುರಿಗಳು ಸಡಿಲಗೊಂಡು ಬಟ್ಟೆಗೆ ಕ್ರೇಪಿನ ಸಣ್ಣ ನಿರಿ, ಜೋಲುವಿಕೆ ಬರುತ್ತದೆ. ಬಣ್ಣ ಬೀಳುವುದು ಅದಾದ ಮೇಲೆ. ಇಳಕಲ್ ಸೀರೆಯಲ್ಲಿ ನೂಲಿಗೇ ಮೊದಲು ಬಣ್ಣ ಹಾಕಿ ಆಮೇಲೆ ನೇಯುತ್ತಾರೆ, ಇಲ್ಲಿ ಬಿಳಿಯದನ್ನೇ ನೇಯ್ದು ಆಮೇಲೆ ಬಣ್ಣಕ್ಕೆ ಅದ್ದುತ್ತಾರೆ. ಈ ವ್ಯತ್ಯಾಸವನ್ನು ನಿಮ್ಮ ಅಮ್ಮ ನಾನು ಹೇಳುವ ಮೊದಲೇ ಕಂಡುಹಿಡಿಯುತ್ತಾರೆ. ಜರಿಯಲ್ಲಿ ಚಿನ್ನ, ಬೆಳ್ಳಿ ಎರಡೂ ಇರುವುದರಿಂದ ಬೆಲೆ ಕೇಳಿ ಬೆಚ್ಚಬೇಡಿ. ಕೊಳ್ಳುವುದಾದರೆ ಸೀರೆಯ ಮೇಲಿನ ಗುರುತಿನ ಸಂಖ್ಯೆ ನೋಡಿ, ರಸೀದಿ ಇಟ್ಟುಕೊಳ್ಳಿ. ದಾರಿಯಲ್ಲಿ ‘ಫ್ಯಾಕ್ಟರಿ ಬೆಲೆಗೆ ಕೊಡಿಸುತ್ತೇನೆ’ ಎಂದು ಬೇರೆಲ್ಲಿಗೋ ತಿರುಗಿಸುವ ಚಾಲಕ ಸಿಕ್ಕರೆ ಕಾರು ಅಲ್ಲಿಯೇ ನಿಲ್ಲಿಸಲು ಹೇಳಿ.

ಕಾರ್ಖಾನೆ ಆಗದಿದ್ದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಬಹುದು. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಅಲ್ಲಿಯೂ ಅಂತಸ್ತುಗಳಿವೆ, ಎಲ್ಲವನ್ನೂ ಹತ್ತುವ ಹಟ ಬೇಡ. ಕೈಯಲ್ಲಿ ದೀಪ ಹಿಡಿದು ಅದಕ್ಕೆ ಅಂಗೈಯನ್ನು ಮರೆ ಹಿಡಿದ ಹೆಂಗಸಿನ ಚಿತ್ರ ಯಾವ ಅಂತಸ್ತಿನಲ್ಲಿದೆ ಎಂದು ಬಾಗಿಲಲ್ಲೇ ಕೇಳಿಕೊಂಡು ನೇರ ಅಲ್ಲಿಗೆ ಹೋಗಿ. ಅದು ರವಿವರ್ಮನದ್ದೆಂದು ಹತ್ತರಲ್ಲಿ ಎಂಟು ಮಂದಿ ಹೇಳುತ್ತಾರೆ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲದನಕರ್, ರೂಪದರ್ಶಿ ಅವರ ಮಗಳೇ. ಎಣ್ಣೆಬಣ್ಣದ್ದೂ ಅಲ್ಲ, ಜಲವರ್ಣ. ಹತ್ತಿರ ನಿಂತು ಬೆರಳುಗಳ ಸಂದಿಯ ಕೆಂಪನ್ನು ನೋಡಿ.

ಇನ್ನೂ ಹೊತ್ತು, ಹುಮ್ಮಸ್ಸು ಉಳಿದಿದ್ದರೆ ಸಂತ ಫಿಲೋಮಿನಾ ಚರ್ಚ್. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ಜೋಡಿ ಗೋಪುರ ನೂರೆಪ್ಪತ್ತೈದು ಅಡಿ. ನೆಲಮಾಳಿಗೆಯ ಇಕ್ಕಟ್ಟಿನ ಮೆಟ್ಟಿಲು ಇಳಿಯಬೇಡಿ. ಪ್ರಾರ್ಥನೆಯ ಹೊತ್ತಲ್ಲದಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬಹುದು, ಎಬ್ಬಿಸುವವರು ಯಾರೂ ಇಲ್ಲ. ದೇವರಾಜ ಮಾರುಕಟ್ಟೆಯ ಒಳಗೆ ಮಳೆಯ ದಿನ ಹಿರಿಯರನ್ನು ಕರೆದೊಯ್ಯುವುದಕ್ಕೆ ನಾನು ಒಪ್ಪುವುದಿಲ್ಲ. ಕೊಳೆತ ಎಲೆ, ಹೂವಿನ ನೀರು, ಕೈಗಾಡಿ, ಮೇಲಿಂದ ಸೋರಿಕೆ. ಅಮ್ಮ ಕಾರಿನಲ್ಲಿರಲಿ, ನೀವು ಇಳಿದು ಮಲ್ಲಿಗೆ, ವೀಳ್ಯದೆಲೆ, ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಿಂದ ಮೈಸೂರು ಪಾಕ್ ತನ್ನಿ. ಮೈಸೂರು ಪಾಕನ್ನು ಮೊದಲು ಮಾಡಿದವರೆನ್ನುವ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು.

ದಿನವಿಡೀ ಒಂದೇ ಕಾರು, ಒಬ್ಬನೇ ಚಾಲಕ ಇರಲಿ. ಆಟೋದಲ್ಲಿ ಎರಡೂ ಬದಿಯಿಂದ ಎರಚಲು ಹೊಡೆಯುತ್ತದೆ, ಹತ್ತಿ ಇಳಿಯುವಾಗ ಮೊಣಕಾಲಿಗೂ ಕಷ್ಟ. ಚಾಲಕನ ಮೊಬೈಲ್ ಸಂಖ್ಯೆ ಅಮ್ಮನ ಚೀಲದಲ್ಲಿಯೂ ಒಂದು ಚೀಟಿಯಲ್ಲಿ ಬರೆದಿಡಿ. ಏಳೂವರೆಗೆ ಕೋಣೆಗೆ ಮರಳಿ ಬಿಸಿನೀರಿನಲ್ಲಿ ಅವರ ಕಾಲು ತೊಳೆದು ಒರೆಸಿ, ಉಟ್ಟ ಸೀರೆ ಬದಲಾಯಿಸಲಿ. ಒಣ ಸೀರೆ, ಸ್ವೆಟರ್, ರಾತ್ರಿಯ ಮಾತ್ರೆ ಮೂರೂ ದೊಡ್ಡ ಪೆಟ್ಟಿಗೆಯ ತಳದಲ್ಲಿ ಬೇಡ, ಕೈಚೀಲದಲ್ಲೇ ಇರಲಿ. ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕಿದೆಯೇ ಎಂದು ಇಂದೇ ನೋಡಿಕೊಳ್ಳಿ. ಸಿಗದಿದ್ದರೆ ಪರೀಕ್ಷಕರನ್ನು ಕೇಳುವುದಕ್ಕಿಂತ ಎದುರಿನ ಸೀಟಿನ ಹುಡುಗನನ್ನು ಕೇಳುವುದೇ ಬೇಗ ಕೆಲಸ ಮಾಡುತ್ತದೆ.